ಎಕ್ಸ್‌ರೇ ಪೆಟ್ಟಿಗೆಯ ಹಸಿರು ದೀಪ

"ಇವೆರಡೂ ಒಂದೇ, ಮಾವ," ಎಂದಳು ಹುಡುಗಿ, ಕಂಪ್ಯೂಟರಿನ ಕಪ್ಪು ತೆರೆಯ ಮೇಲೆ ಬೆರಳಿಟ್ಟು.

ಕೇಬಲ್ ಮಾವನ ಕೈಯಲ್ಲಿದ್ದ ಚಹಾ ಲೋಟ ತುಟಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಯಾವೆರಡು ಎಂದು ಕೇಳುವ ಧೈರ್ಯ ಬರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಜಾತಿಗೆ ತಾನು ಸೇರಿ ಒಂಬತ್ತು ವರ್ಷವಾಯಿತೆಂದು ಅವನಿಗೆ ಗೊತ್ತಿತ್ತು.

"ಅಡುಗೆಮನೆದು, ಬಟ್ಟೆ ಒಗೆಯೋ ಮನೆದು," ಎಂದಳು ಅವಳು. "ನೆಟ್‌ವರ್ಕಲ್ಲಿ ಎರಡು ಅಡ್ರೆಸ್ ಇದೆ, ಆದ್ರೆ ರೂಟರ್ ಪೆಟ್ಟಿಗೆ ಒಂದೇ."

ಮಾವ ಚಹಾ ಕುಡಿದ. ಅದು ನಿಜವೇ, ಕೆಳಗೆ ಇರುವುದು ಒಂದೇ ಎಂದ. ಅಡುಗೆಮನೆಯ ವಿಷಯದಲ್ಲಿ ಅವನಿಗೆ ಮುಚ್ಚಿಡುವಂಥದ್ದೇನೂ ಇರಲಿಲ್ಲ.

ಮೂವತ್ತೊಂದು ವರ್ಷದಿಂದ ಆ ಆಸ್ಪತ್ರೆಯ ತಂತಿಗಳನ್ನೆಲ್ಲ ನೋಡಿಕೊಂಡವನು ಅವನು. ಯಾವ ತಂತಿ ಯಾವ ಗೋಡೆಯೊಳಗೆ ನುಗ್ಗಿ ಎಲ್ಲಿ ಹೊರಬರುತ್ತದೆ ಎನ್ನುವುದು ಅವನ ತಲೆಯಲ್ಲಿತ್ತೇ ಹೊರತು ಕಾಗದದಲ್ಲಿ ಇರಲಿಲ್ಲ. ನರ್ಸುಗಳಿಂದ ಹಿಡಿದು ಗೇಟಿನವನವರೆಗೆ ಎಲ್ಲರಿಗೂ ಅವನು ಕೇಬಲ್ ಮಾವ. ಶುಕ್ರವಾರ ಅವನ ನಿವೃತ್ತಿ. ತಲೆ ಮನೆಗೆ ಹೋಗುವ ಮೊದಲು ಅದರಲ್ಲಿರುವುದು ಗೋಡೆಗೆ ಬರಲಿ ಎಂದು ಡೈರೆಕ್ಟರ್ ಮೇಡಂ ಅಪ್ಪಣೆ ಮಾಡಿದ್ದರು. ಅವನ ಜಾಗಕ್ಕೆ ಹತ್ತು ದಿನದ ಹಿಂದೆ ಬಂದ ಈ ಹುಡುಗಿ ಇಡೀ ಆಸ್ಪತ್ರೆಯ ನಕ್ಷೆ ಬರೆಯಬೇಕು, ಅದನ್ನು ಶುಕ್ರವಾರದ ಬೀಳ್ಕೊಡುಗೆಯಲ್ಲೇ ಎಲ್ಲರ ಮುಂದೆ ತೂಗುಹಾಕಬೇಕು.

ತಾನು ಹೇಳುತ್ತ ಹೋಗುವುದು, ಹುಡುಗಿ ಬರೆದುಕೊಳ್ಳುವುದು ಎಂದು ಮಾವ ನಂಬಿದ್ದ. ಆದರೆ ಈ ಕಾಲದವರು ಹೇಳಿದ್ದನ್ನು ಬರೆದುಕೊಳ್ಳುವವರಲ್ಲ. ಅವಳು ಒಂದು ಟೂಲ್ ತಂದಿದ್ದಳು. ಅದಕ್ಕೆ ಬಣ್ಣವಿಲ್ಲ, ಬಟನ್ನಿಲ್ಲ. ಕಪ್ಪು ತೆರೆಯ ಮೇಲೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಬಿಳಿ ಅಕ್ಷರಗಳು ಇರುವೆ ಸಾಲಿನಂತೆ ಇಳಿಯುತ್ತವೆ, ಕೊನೆಗೆ ಯಾವ ಯಾವ ಅಡ್ರೆಸ್ಸುಗಳು ಒಂದೇ ಯಂತ್ರದವು ಎಂದು ಹೇಳಿಬಿಡುತ್ತವೆ.

ಅದು ಹೇಗೆ ಗೊತ್ತಾಗುತ್ತದೆ ಎಂದು ಮಾವ ಸುಮ್ಮನೆ ಕೇಳುವವನಂತೆ ಕೇಳಿದ.

"ಒಬ್ಬನೇ ಮನುಷ್ಯ ಎರಡು ಕಿಟಕೀಲಿ ಟೋಕನ್ ಕೊಡ್ತಿದಾನೆ ಅನ್ಕೊಳ್ಳಿ," ಎಂದಳು ಅವಳು. "ಅವನ ಹತ್ರ ಪುಸ್ತಕ ಒಂದೇ. ಈ ಕಿಟಕೀಲಿ ನನಗೆ ಹದಿನಾಲ್ಕು ಸಿಕ್ತು. ಓಡಿಹೋಗಿ ಆ ಕಿಟಕೀಲಿ ಕೇಳಿದ್ರೆ ಹದಿನೈದು. ಮತ್ತೆ ಇಲ್ಲಿ ಬಂದ್ರೆ ಹದಿನಾರು. ಬೇರೆ ಬೇರೆ ಜನ ಆಗಿದ್ರೆ ಅವರವರ ಪುಸ್ತಕ ಅವರವರಿಗೆ ಇರ್ತಿತ್ತಲ್ವಾ? ರೂಟರ್ ಕೊಡೋ ಉತ್ತರದ ಮೇಲೂ ಹಾಗೇ ಒಂದು ನಂಬರ್ ಇರುತ್ತೆ. ಎರಡು ಅಡ್ರೆಸ್ಸಿಗೂ ಇದು ಸರದಿ ಮೇಲೆ ಕೇಳುತ್ತೆ, ನಂಬರ್ ನೋಡುತ್ತೆ. ಅಷ್ಟೇ."

ಮಾವನಿಗೆ ಚೆನ್ನಾಗಿಯೇ ಅರ್ಥವಾಯಿತು. ಅರ್ಥವಾಗದಿದ್ದರೆ ಸುಖವಾಗಿರುತ್ತಿದ್ದ.

"ನಾಳೆ ಎರಡನೇ ಮಹಡಿ ಮಾಡ್ತೀನಿ," ಎಂದಳು ಹುಡುಗಿ.

ಎರಡನೇ ಮಹಡಿಯಲ್ಲಿ ಎಡಗಡೆ ಲ್ಯಾಬು, ಬಲಗಡೆ ಎಕ್ಸ್‌ರೇ. ಲ್ಯಾಬಿನ ಮುಖ್ಯಸ್ಥರೂ ಎಕ್ಸ್‌ರೇ ಮುಖ್ಯಸ್ಥರೂ ಷಡ್ಡಕರು. ಅಕ್ಕನನ್ನು ಲ್ಯಾಬಿನ ಡಾಕ್ಟರು ಮದುವೆಯಾಗಿದ್ದರು, ತಂಗಿಯನ್ನು ಎಕ್ಸ್‌ರೇ ಡಾಕ್ಟರು. ಅಕ್ಕತಂಗಿ ದಿನಕ್ಕೆ ಒಂದು ಗಂಟೆ ಫೋನಿನಲ್ಲಿ ಮಾತಾಡುತ್ತಿದ್ದರು, ಗಂಡಂದಿರು ಒಂಬತ್ತು ವರ್ಷದಿಂದ ಒಂದು ಅಕ್ಷರ ಆಡಿರಲಿಲ್ಲ. ಲಿಫ್ಟಿನಲ್ಲಿ ಒಬ್ಬರಿದ್ದರೆ ಇನ್ನೊಬ್ಬರು ಮೆಟ್ಟಿಲು ಹತ್ತುತ್ತಿದ್ದರು. ಇಬ್ಬರ ಆರೋಗ್ಯವೂ ಚೆನ್ನಾಗಿರುವುದಕ್ಕೆ ಅದೇ ಕಾರಣ ಎಂದು ಆಸ್ಪತ್ರೆಯಲ್ಲಿ ಮಾತಿತ್ತು.

ಜಗಳ ಹುಟ್ಟಿದ್ದೇ ರೂಟರಿನಿಂದ. ಆಗ ಎರಡೂ ವಿಭಾಗಕ್ಕೆ ಸೇರಿ ಒಂದೇ ಪೆಟ್ಟಿಗೆ ಇತ್ತು. ಲ್ಯಾಬಿನ ವರದಿಗಳು ತಡವಾಗುತ್ತಿವೆ ಎಂದು ಮೀಟಿಂಗಿನಲ್ಲಿ ಯಾರೋ ಕೇಳಿದಾಗ ಲ್ಯಾಬಿನ ಡಾಕ್ಟರು, ಆನೆಗಾತ್ರದ ಚಿತ್ರಗಳನ್ನು ದಾರಿಗೆ ಅಡ್ಡ ನಿಲ್ಲಿಸುವವರನ್ನು ಕೇಳಿ ಎಂದರು. ರಕ್ತದ ತೊಟ್ಟು ಎಣಿಸುವವರಿಗೆ ಆನೆ ಕಂಡರೆ ಹೊಟ್ಟೆಯುರಿ ಸಹಜ ಎಂದರು ಎಕ್ಸ್‌ರೇ ಡಾಕ್ಟರು. ಅಲ್ಲಿಂದ ಮಾತಿಗೆ ಮಾತು ಬೆಳೆಯಿತು. ಆ ಮನುಷ್ಯನ ಜೊತೆ ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಮಾಡಲಾರೆ ಎಂದು ಇಬ್ಬರೂ ಬೇರೆ ಬೇರೆಯಾಗಿ ಬರೆದುಕೊಟ್ಟರು. ಆಗಿನ ಡೈರೆಕ್ಟರು ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ ಎಂದು ಆದೇಶ ಮಾಡಿ ಕೈ ತೊಳೆದುಕೊಂಡರು.

ಎರಡನೆಯ ಪೆಟ್ಟಿಗೆ ಬರಲೇ ಇಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಎರಡು ತಿಂಗಳು ಹೋಯಿತು. ಅಷ್ಟರಲ್ಲಿ ಲ್ಯಾಬಿನವರು ಎಕ್ಸ್‌ರೇ ತಂತಿಯನ್ನು ಒಂದು ದಿನ ಕಿತ್ತುಹಾಕಿದರು, ಎಕ್ಸ್‌ರೇಯವರು ಮರುದಿನ ಲ್ಯಾಬಿನದನ್ನು ಕಿತ್ತರು. ನಡುವೆ ಕಾಲುಮುರಿದ ಒಬ್ಬ ಮುದುಕಿ ತನ್ನ ಚಿತ್ರಕ್ಕಾಗಿ ನಾಲ್ಕು ಗಂಟೆ ಕಾದಳು. ಅದನ್ನು ಮಾವನಿಗೆ ನೋಡಲಾಗಲಿಲ್ಲ. ಗುಜರಿಗೆ ಹಾಕಿದ್ದ ಒಂದು ಹಳೆಯ ರೂಟರನ್ನು ಎತ್ತಿ ತಂದು ಅದರ ಕರುಳೆಲ್ಲ ತೆಗೆದ. ಎಕ್ಸ್‌ರೇ ತಂತಿ ಅದರ ಮುಂದಿನಿಂದ ಒಳಹೋಗಿ ಹಿಂದಿನಿಂದ ಹೊರಬಂದು, ಹಳೆಯ ಪೆಟ್ಟಿಗೆಗೇ ಸೇರುವ ಹಾಗೆ ಮಾಡಿದ. ಮಿಣುಕುವ ಒಂದು ಪುಟ್ಟ ಹಸಿರು ದೀಪವನ್ನು ಎರಡು ಸೆಲ್ ಹಾಕಿ ಒಳಗೆ ಕೂರಿಸಿದ. ಒಂದರ ಮೇಲೆ ‘ಲ್ಯಾಬ್’, ಇನ್ನೊಂದರ ಮೇಲೆ ‘ಎಕ್ಸ್‌ರೇ’ ಎಂದು ಚೀಟಿ ಅಂಟಿಸಿದ. ಸಮಾನ ಹಕ್ಕು ಎಂದು ಪೆಟ್ಟಿಗೆಗಳಿದ್ದ ಪುಟ್ಟ ಕೋಣೆಯ ಬೀಗದ ಕೈ ಷಡ್ಡಕರಿಬ್ಬರಿಗೂ ಒಂದೊಂದು ಕೊಟ್ಟ. ಎರಡನೆಯ ಪೆಟ್ಟಿಗೆ ಬರುವವರೆಗೆ ಇರಲಿ ಎಂದು ಮಾಡಿದ ಏರ್ಪಾಡು ಅದು. ತಾತ್ಕಾಲಿಕ ಎಂದು ಕಟ್ಟಿದ್ದಕ್ಕಿರುವಷ್ಟು ಆಯುಸ್ಸು ಬೇರೆ ಯಾವುದಕ್ಕೂ ಇರುವುದಿಲ್ಲ.

ಮರುದಿನದಿಂದಲೇ ತಮ್ಮ ಚಿತ್ರಗಳು ಮೊದಲಿಗಿಂತ ಬೇಗ ಹೋಗುತ್ತಿವೆ ಎಂದು ಎಕ್ಸ್‌ರೇ ಡಾಕ್ಟರು ಸಂತೋಷಪಟ್ಟರು. ಲ್ಯಾಬಿನವರಿಗೂ ದಾರಿ ಖಾಲಿಯಾದಂತೆ ಕಂಡಿತು. ಇಬ್ಬರೂ ಬೆಳಿಗ್ಗೆ ಬೇರೆ ಬೇರೆ ಹೊತ್ತಿಗೆ ಬಂದು ಗಾಜಿನ ಬಾಗಿಲಿನಿಂದ ತಮ್ಮ ತಮ್ಮ ದೀಪ ನೋಡಿ ಹೋಗುತ್ತಿದ್ದರು.

ಸೆಲ್ಲಿನದೊಂದೇ ತಾಪತ್ರಯ. ಒಂದು ವಿಭಾಗದ ಸೆಲ್ಲನ್ನು ಇನ್ನೊಂದು ವಿಭಾಗದವರು ಲಪಟಾಯಿಸಬಾರದೆಂದು ಆ ಆಸ್ಪತ್ರೆಯ ಸ್ಟೋರಿನವನು ಪ್ರತಿ ಸೆಲ್ಲಿಗೂ ಬಣ್ಣದ ಟೇಪು ಸುತ್ತಿ ಕೊಡುತ್ತಿದ್ದ. ಲ್ಯಾಬಿಗೆ ಕೆಂಪು, ಎಕ್ಸ್‌ರೇಗೆ ನೀಲಿ, ಹೆರಿಗೆ ವಾರ್ಡಿಗೆ ಹಳದಿ. ಮಾವನ ವಿಭಾಗಕ್ಕೆ ಮಾತ್ರ ಸೆಲ್ಲೇ ಇಲ್ಲ, ಕರೆಂಟಿನವರಿಗೆ ಸೆಲ್ ಯಾಕೆ ಎಂಬುದು ಸ್ಟೋರಿನವನ ವಾದ. ಹಾಗಾಗಿ ಮಾವ ಮೂಲೆ ಅಂಗಡಿಯಿಂದ ತನ್ನ ದುಡ್ಡಿನಲ್ಲಿ ಬಿಳಿ ಸೆಲ್ ತಂದು ನಾಲ್ಕು ತಿಂಗಳಿಗೊಮ್ಮೆ ಬದಲಾಯಿಸುತ್ತಿದ್ದ. ಹೋದ ವರ್ಷ ಮೊಣಕಾಲಿನ ಆಪರೇಷನ್ನಿಗೆ ಮೂರು ತಿಂಗಳು ರಜೆ ಹಾಕಿದಾಗ ದೀಪ ಆರಿಹೋಗುತ್ತದೆಂದು ಹಾಸಿಗೆಯಲ್ಲಿ ಮಲಗಿಯೇ ಬೆವರಿದ್ದ. ಬಂದು ನೋಡಿದರೆ ಮಿಣುಕುತ್ತಲೇ ಇತ್ತು. ಅದಾದ ಮೇಲೂ ಆರಲಿಲ್ಲ, ಅವನು ತೆರೆಯಲೂ ಇಲ್ಲ. ಸೆಲ್ ಎಂದರೆ ಇದು ಎಂದು ಕಂಡವರಿಗೆಲ್ಲ ಆ ಅಂಗಡಿ ತೋರಿಸಿದ. ಅದೇ ಸೆಲ್ ಹಾಕಿದ್ದ ಮನೆಯ ಗಡಿಯಾರ ಮಾತ್ರ ಮೂರೇ ತಿಂಗಳಿಗೆ ನಿಂತಿತು. ಮಾವ ಗಡಿಯಾರವನ್ನು ಬೈದ.

ಈಗ ಹುಡುಗಿಯ ಟೂಲು ಎರಡು ಕಿಟಕಿಗೂ ಓಡಾಡಿ ಟೋಕನ್ ಕೇಳಿದರೆ ಕಥೆ ಮುಗಿಯಿತು. ಶುಕ್ರವಾರ ಗೋಡೆಯ ಮೇಲಿನ ನಕ್ಷೆಯಲ್ಲಿ ಒಂದೇ ಪೆಟ್ಟಿಗೆ, ಅದಕ್ಕೆ ಎರಡು ಗೆರೆ. ಷಡ್ಡಕರು ಅಲ್ಲೇ ಇರುತ್ತಾರೆ. ಮೂವತ್ತೊಂದು ವರ್ಷ ಒಳ್ಳೆಯವನೆನಿಸಿಕೊಂಡು ಕೊನೆಯ ದಿನ ಖಾಲಿ ಡಬ್ಬಕ್ಕೆ ದೀಪ ಹಚ್ಚಿದ ಮೋಸಗಾರನೆನಿಸಿಕೊಳ್ಳಬೇಕಲ್ಲ ಎಂದು ಮಾವನಿಗೆ ಅಳುವೇ ಬರುವಂತಾಯಿತು.

ಮರುದಿನ ಹುಡುಗಿ ಬರುವ ಮೊದಲೇ ಬಂದು ಅವನೊಂದು ಕೆಲಸ ಮಾಡಿದ. ಎಕ್ಸ್‌ರೇ ಅಡ್ರೆಸ್ಸು ಯಾರು ಕೇಳಿದರೂ ಉತ್ತರ ಕೊಡದಂತೆ ಮಾಡಿಬಿಟ್ಟ. ಚಿತ್ರಗಳೇನೋ ಹೋಗುತ್ತವೆ, ಬರುತ್ತವೆ. ನೀನಾರು ಎಂದು ಕೇಳಿದರೆ ಮಾತ್ರ ಮೌನ. ಕಿಟಕಿ ಮುಚ್ಚಿದ ಮೇಲೆ ಟೋಕನ್ ಎಲ್ಲಿಂದ ಬರಬೇಕು? ಮಾವ ತನ್ನ ಬುದ್ಧಿಗೆ ತಾನೇ ಮೆಚ್ಚಿ ಎರಡು ಲೋಟ ಚಹಾ ಕುಡಿದ.

ಅವನು ಮರೆತದ್ದು ಒಂದೇ. ಆಸ್ಪತ್ರೆಯಲ್ಲಿ ಒಂದು ನಿಯಮವಿತ್ತು: ಯಾವುದೇ ಯಂತ್ರ ಉತ್ತರ ಕೊಡದಿದ್ದರೆ ಆ ವಿಭಾಗಕ್ಕೊಂದು ಗುಲಾಬಿ ಚೀಟಿ, ಡೈರೆಕ್ಟರಿಗೊಂದು ನಕಲು ಹೋಗಬೇಕು. ಮೂವತ್ತೊಂದು ವರ್ಷದಲ್ಲಿ ಮಾವ ಬರೆದ ಗುಲಾಬಿ ಚೀಟಿ ಒಂದೂ ಇಲ್ಲ. ಹುಡುಗಿ ಬಂದು ಹತ್ತೇ ದಿನವಾಗಿದ್ದರಿಂದ ಅವಳಿಗೆ ನಿಯಮಗಳೆಲ್ಲ ಬಾಯಿಪಾಠವಿದ್ದವು. ತೆರೆಯ ಮೇಲೆ ‘ಎಕ್ಸ್‌ರೇ: ಉತ್ತರವಿಲ್ಲ’ ಎಂದು ಬಂದ ಐದು ನಿಮಿಷಕ್ಕೆ ಎರಡೂ ಚೀಟಿ ಹೋದವು.

ಹನ್ನೊಂದು ಗಂಟೆಗೆ ಎರಡನೇ ಮಹಡಿಯ ಆ ಪುಟ್ಟ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಕ್ಸ್‌ರೇ ಡಾಕ್ಟರು ಚೀಟಿ ಹಿಡಿದುಕೊಂಡು ಬಂದಿದ್ದರು. ಗದ್ದಲ ಕೇಳಿ ಲ್ಯಾಬಿನ ಡಾಕ್ಟರೂ ಬಂದು, ಷಡ್ಡಕರ ಮುಖ ಕಾಣದಂತೆ ಬಾಗಿಲಿನ ಆಚೆ ನಿಂತಿದ್ದರು. ಎಲ್ಲರಿಗಿಂತ ಮುಂದೆ ಡೈರೆಕ್ಟರ್ ಮೇಡಂ. ಅವರಿಗೆ ಕಂಡದ್ದನ್ನೆಲ್ಲ ತೆರೆದು ನೋಡುವ ಚಟ. ಆಸ್ಪತ್ರೆಗೆ ಬಂದ ವಾರದಲ್ಲೇ ಇದ್ದ ಅಲಮಾರುಗಳನ್ನೆಲ್ಲ ತೆರೆಸಿ, ಒಂದರಲ್ಲಿ ಗೇಟಿನವನ ಹಾಸಿಗೆ ಪತ್ತೆ ಮಾಡಿದವರು ಅವರು.

"ಬಿಚ್ಚಿ ನೋಡೋಣ," ಎಂದರು ಮೇಡಂ. "ಒಳಗೆ ಧೂಳು ತುಂಬಿರಬಹುದು."

ಮಾವನ ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು. ಅದಿಲ್ಲದೆ ಅವನು ಮದುವೆಮನೆಗೂ ಹೋದವನಲ್ಲ, ಹಾಗಾಗಿ ಇಲ್ಲ ಎನ್ನುವ ಹಾಗಿರಲಿಲ್ಲ. ತೆಗೆದ. ಎರಡೇ ಸ್ಕ್ರೂ. ಮೊದಲು ಸ್ಕ್ರೂಡ್ರೈವರಿನ ತುದಿಯನ್ನು ಅಂಗಿಗೆ ಒರೆಸಿದ, ಆಮೇಲೆ ಸ್ಕ್ರೂಗಳ ತಲೆಯನ್ನು ಒಂದೊಂದಾಗಿ ಒರೆಸಿದ.

"ಬಿಚ್ಚೋದು ಬೇಡ," ಎಂದರು ಎಕ್ಸ್‌ರೇ ಡಾಕ್ಟರು.

"ಬಿಚ್ಚೋದು ಬೇಡ," ಎಂದರು ಬಾಗಿಲಾಚೆಯಿಂದ ಲ್ಯಾಬಿನ ಡಾಕ್ಟರು.

ಎರಡು ಮಾತೂ ಒಂದೇ ಉಸಿರಿನಲ್ಲಿ ಬಂದವು. ಒಬ್ಬರು ಏರಿಗೆಳೆದರೆ ಇನ್ನೊಬ್ಬರು ನೀರಿಗೆಳೆಯುವ ಈ ಜೋಡಿ ಯಾವ ವಿಷಯದಲ್ಲಾದರೂ ಒಪ್ಪಿದ್ದನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ. ಇಬ್ಬರಿಗೂ ಅದು ಅರಿವಾಗಿ, ಎಕ್ಸ್‌ರೇ ಡಾಕ್ಟರು ಚೀಟಿಯನ್ನು ಮಡಚತೊಡಗಿದರು, ಲ್ಯಾಬಿನ ಡಾಕ್ಟರು ಕಾರಿಡಾರಿನ ಗಡಿಯಾರ ನೋಡಿದರು. ಕೆಲಸ ಮಾಡುತ್ತಿರುವ ಯಂತ್ರವನ್ನು ಬಿಚ್ಚುವುದು ಬುದ್ಧಿವಂತಿಕೆಯಲ್ಲ ಎಂದು ಎಕ್ಸ್‌ರೇಯವರು ಗೊಣಗಿದರು. ತನಗೆ ಅವರ ಪೆಟ್ಟಿಗೆ ಕಟ್ಟಿಕೊಂಡು ಏನೂ ಆಗಬೇಕಿಲ್ಲ, ಆದರೆ ಧೂಳೆದ್ದರೆ ಪಕ್ಕದ ಪೆಟ್ಟಿಗೆಗೆ ಹೋಗುತ್ತದಲ್ಲ ಎಂದು ಲ್ಯಾಬಿನವರು ಸೀಲಿಂಗಿಗೆ ಹೇಳಿದರು.

"ಉತ್ತರ ಇಲ್ಲ ಅಂತ ಚೀಟಿ ಬಂದಿದೆಯಲ್ಲ?" ಮೇಡಂ ಹುಡುಗಿಯತ್ತ ತಿರುಗಿದರು.

ಹುಡುಗಿ ಇಕ್ಕಟ್ಟಿನಲ್ಲಿ ನಿಲ್ಲಲು ಆಸರೆಗೆಂದು ಎಕ್ಸ್‌ರೇ ಪೆಟ್ಟಿಗೆಯ ಮೇಲೆ ಅಂಗೈ ಊರಿದ್ದಳು. ಈಗ ಆ ಕೈ ಎತ್ತಿ ಪಕ್ಕದ ಲ್ಯಾಬಿನ ಪೆಟ್ಟಿಗೆಯ ಮೇಲಿಟ್ಟಳು. ಮತ್ತೆ ಎಕ್ಸ್‌ರೇ ಮೇಲೆ. ಹಗಲಿರುಳು ಓಡುವ ಯಂತ್ರ ಬೆಚ್ಚಗಿರುತ್ತದೆ. ಖಾಲಿ ಡಬ್ಬ ಬೆಳಗಿನ ಸ್ಟೀಲ್ ತಟ್ಟೆಯ ಹಾಗೆ ತಣ್ಣಗಿರುತ್ತದೆ. ಟೂಲಿಗೆ ಕಿಟಕಿ ಮುಚ್ಚಿದವನು ಅಂಗೈಯ ಯೋಚನೆ ಮಾಡಿರಲಿಲ್ಲ.

ಅವಳು ಮಾವನ ಮುಖ ನೋಡಿದಳು. ಅವನು ನೆಲ ನೋಡಿದ.

"ತಪ್ಪು ನಂದೇ ಮೇಡಂ," ಎಂದಳು. "ಅಡ್ರೆಸ್ಸಿನಲ್ಲಿ ಒಂದು ಅಂಕಿ ತಪ್ಪು ಟೈಪ್ ಮಾಡ್ಬಿಟ್ಟಿದೀನಿ. ಚೀಟಿ ವಾಪಸ್ ತಗೋತೀನಿ."

ಹೊಸಬರಿಗೆ ಎಚ್ಚರ ಮುಖ್ಯ ಎಂದು ಮೇಡಂ ಅವಳಿಗೆ ಹತ್ತು ನಿಮಿಷ ಬುದ್ಧಿ ಹೇಳಿದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಷಡ್ಡಕರು ಅಷ್ಟರಲ್ಲಿ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಕರಗಿದ್ದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರೆ. ಮಾವನಿಗೆ ಮಾತ್ರ ತನ್ನ ಪಾಲಿನ ಏಟನ್ನು ಮಗಳ ವಯಸ್ಸಿನವಳ ಬೆನ್ನಿಗೆ ಹೊರಿಸಿದೆನಲ್ಲ ಎಂದು ನಾಚಿಕೆಯಾಯಿತು.

ಎಲ್ಲರೂ ಹೋದ ಮೇಲೆ ಅವಳು ಸ್ಟೂಲಿನ ಮೇಲೆ ಕುಳಿತಳು.

"ಆ ಪೆಟ್ಟಿಗೆ ತಣ್ಣಗಿದೆ ಮಾವ."

ಮಾವ ಹೇಳಿದ. ಮೀಟಿಂಗು, ಆನೆ, ರಕ್ತದ ತೊಟ್ಟು, ಕಾಲುಮುರಿದ ಮುದುಕಿ, ಬಿಳಿ ಸೆಲ್ಲು, ಬೆಳಿಗ್ಗೆ ತಾನು ಮುಚ್ಚಿದ ಕಿಟಕಿ, ಒಂದನ್ನೂ ಬಿಡಲಿಲ್ಲ. ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಅದು. ಹೇಳಿ ಮುಗಿಸಿ, ಮುಚ್ಚಿದ್ದನ್ನು ತಾನೇ ತೆರೆದು, ಈಗ ಕೇಳು ಎಂದ. ಅವಳು ಆ ಸಾಲು ಟೈಪ್ ಮಾಡಿ ಎಂಟರ್ ಒತ್ತಿದಳು. ಲ್ಯಾಬು 21306 ಎಂದಿತು. ಎಕ್ಸ್‌ರೇ 21307 ಎಂದಿತು. ಲ್ಯಾಬು 21308. ಎಕ್ಸ್‌ರೇ 21309. ಕೆಳಗೆ ಒಂದೇ ಯಂತ್ರ ಎಂದು ಬಂತು. ಬೈಗುಳವಿಲ್ಲ, ಪ್ರಶ್ನೆಯಿಲ್ಲ. ಮಾವ ಅದನ್ನು ಎರಡು ಸಲ ಓದಿದ. ಎದೆಯ ಮೇಲಿನ ಚಪ್ಪಡಿ ಸರಿದ ಹಾಗಾಯಿತು.

"ನಾನು ಸುಳ್ಳು ನಕ್ಷೆ ಬರೆಯಲ್ಲ," ಎಂದಳು ಹುಡುಗಿ.

"ಬರೀಬೇಡಮ್ಮ. ಇದ್ದದ್ದು ಇದ್ದ ಹಾಗೆ ಬರಿ."

"ಈ ಒಂಬತ್ತು ವರ್ಷದಲ್ಲಿ ಯಾವತ್ತಾದ್ರೂ ಕೆಲಸ ನಿಂತಿತ್ತಾ?"

ಮಾವ ಯೋಚಿಸಿದ. ಒಂದು ದಿನವೂ ಇಲ್ಲ ಎಂದ. ಅವನ ದನಿಯಲ್ಲಿ ತುಸು ಹೆಮ್ಮೆಯೂ ಇತ್ತು, ಅದನ್ನು ಅಡಗಿಸಲು ಅವನಿಗೆ ಆಗಲಿಲ್ಲ.

ಶುಕ್ರವಾರ ನಕ್ಷೆ ಗೋಡೆಗೇರಿತು. ಅದರಲ್ಲಿ ಪೆಟ್ಟಿಗೆಗಳೇ ಇರಲಿಲ್ಲ. ಇಡೀ ಆಸ್ಪತ್ರೆಯ ನೂರ ಹನ್ನೆರಡು ಅಡ್ರೆಸ್ಸುಗಳು ನೂರ ಹನ್ನೆರಡು ಪುಟ್ಟ ಬಾಗಿಲುಗಳಾಗಿ, ಯಾವುದು ಯಾರದು ಎಂಬ ಹೆಸರಿನೊಂದಿಗೆ ಇದ್ದವು. ತಲೆಬರಹದಲ್ಲೇ ‘ಬಾಗಿಲುಗಳ ನಕ್ಷೆ’ ಎಂದು ಅವಳು ಬರೆದಿದ್ದಳು, ಹಾಗಾಗಿ ಸುಳ್ಳಿನ ಮಾತೇ ಇಲ್ಲ. ಬಾಗಿಲ ಹಿಂದಿನ ಯಂತ್ರಗಳ ನಕ್ಷೆ ಬೇರೆಯದೇ ಇತ್ತು, ಅವಳ ಮೇಜಿನ ಡ್ರಾಯರಿನಲ್ಲಿ. ಅದರ ಜೊತೆಗೇ ಎರಡನೇ ಮಹಡಿಗೆ ಇನ್ನೊಂದು ರೂಟರ್ ಬೇಕೆಂಬ ಅರ್ಜಿಯೂ ಇತ್ತು, ಸೋಮವಾರ ಹೋಗುವುದಕ್ಕೆ. ಎಷ್ಟೊಂದು ಬಾಗಿಲು ಎಂದು ಮೇಡಂ ಖುಷಿಪಟ್ಟರು, ತೆರೆದು ನೋಡಲಾಗದ ಬಾಗಿಲುಗಳೆಂದು ಸ್ವಲ್ಪ ಬೇಸರವನ್ನೂ ಪಟ್ಟಿರಬೇಕು. ಷಡ್ಡಕರು ಸಾಲಿನ ಈ ತುದಿಗೊಬ್ಬರು, ಆ ತುದಿಗೊಬ್ಬರು ಕುಳಿತಿದ್ದರು. ಮಾವನ ಬಗ್ಗೆ ಎರಡು ಮಾತಾಡಿರೆಂದರೆ ಇಬ್ಬರೂ ಬೇರೆ ಬೇರೆಯಾಗಿ ಎದ್ದು ನಿಂತು, ತಮ್ಮ ಪೆಟ್ಟಿಗೆ ಒಂಬತ್ತು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟಿಲ್ಲ ಎಂದರು. ಮಾವ ಕರ್ಚೀಫಿನಿಂದ ಕಣ್ಣೊರೆಸಿಕೊಂಡ. ಬೀಳ್ಕೊಡುಗೆಯ ದುಃಖವೆಂದು ನರ್ಸುಗಳು ಸಮಾಧಾನ ಮಾಡಿದರು.

ಎಲ್ಲ ಮುಗಿದು ಮಧ್ಯಾಹ್ನ ಮಾವ ಹುಡುಗಿಯನ್ನು ಎರಡನೇ ಮಹಡಿಗೆ ಕರೆದುಕೊಂಡು ಹೋದ. ಬೀಗದ ಕೈ ಕೊಟ್ಟ. ಯಾವ ತಂತಿಗೆ ಇಲಿಯ ಕಾಟ, ಯಾವ ಸ್ವಿಚ್ಚು ಬಡಿದರೆ ಮಾತ್ರ ಕೇಳುತ್ತದೆ ಎಂದೆಲ್ಲ ಹೇಳಿದ. ಕೊನೆಗೆ ಜೇಬಿನಿಂದ ಎರಡು ಬಿಳಿ ಸೆಲ್ ತೆಗೆದ.

"ಹೊಸ ರೂಟರ್ ಬರೋವರೆಗೆ ಇದೊಂದು ನಿನ್ನ ಪಾಲಿಗೆ," ಎಂದ. "ಹಳೇದು ಬದಲಾಯಿಸಿ ಒಂದು ವರ್ಷದ ಮೇಲಾಯ್ತು. ಇವತ್ತೋ ನಾಳೆಯೋ ಆರುತ್ತೆ. ಹೇಗೆ ಹಾಕೋದು ನೋಡ್ಕೋ."

ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಈ ಸಲ ಅವನು ಏನನ್ನೂ ಒರೆಸಲಿಲ್ಲ. ಎರಡು ಸ್ಕ್ರೂ ತಿರುಗಿಸಿ ಮುಚ್ಚಳ ಎತ್ತಿದ.

ಖಾಲಿ ಪೆಟ್ಟಿಗೆಯ ನಡುವೆ ಹಸಿರು ದೀಪ ಮಿಣುಕುತ್ತಿತ್ತು. ಅದರ ಕೆಳಗೆ ಎರಡು ಸೆಲ್ ಒಂದರ ಪಕ್ಕ ಒಂದು ಮಲಗಿದ್ದವು. ಬಿಳಿಯವಲ್ಲ. ಒಂದಕ್ಕೆ ಸ್ಟೋರಿನವನ ಕೆಂಪು ಟೇಪು, ಇನ್ನೊಂದಕ್ಕೆ ನೀಲಿ.

ಹುಡುಗಿ ಮಾವನ ಮುಖ ನೋಡಿದಳು. ಮಾವ ಸ್ಟೂಲನ್ನು ಎಳೆದುಕೊಂಡು ಕುಳಿತ. ಬಹಳ ಹೊತ್ತು ಅವೆರಡನ್ನೂ ನೋಡುತ್ತಿದ್ದು, ಆಮೇಲೆ ಬಿಳಿ ಸೆಲ್ಲುಗಳನ್ನು ಜೇಬಿಗೆ ಹಾಕಿಕೊಂಡ.

"ಹಾಗಾದ್ರೆ ನಾನು ಯಾವುದು ಹಾಕಲಿ?" ಎಂದು ಕೇಳಿದಳು ಅವಳು, ಪಿಸುದನಿಯಲ್ಲಿ.

"ನೀನೇನೂ ಹಾಕ್ಬೇಡಮ್ಮ," ಎಂದ ಮಾವ.

ಮುಚ್ಚಳವನ್ನು ಮೊದಲಿದ್ದ ಹಾಗೆಯೇ ಕೂರಿಸಿ, ಸ್ಕ್ರೂಗಳನ್ನು ತಿರುಗಿಸಿದ. ಪೂರ್ತಿ ಬಿಗಿ ಮಾಡಲಿಲ್ಲ, ಬರಿಗೈಯಲ್ಲೂ ಬಿಚ್ಚಲು ಬರುವಷ್ಟು ಸಡಿಲ ಬಿಟ್ಟ. ಆಚೆ ಕಾರಿಡಾರಿನಲ್ಲಿ ಹೆಜ್ಜೆ ಸದ್ದಾಯಿತು. ಯಾರೋ ಗಾಜಿನ ಬಾಗಿಲ ಹತ್ತಿರ ಬಂದು, ಒಳಗೆ ಜನವಿರುವುದನ್ನು ಕಂಡು, ಸುಮ್ಮನೆ ಮುಂದೆ ಹೋದರು.